ಕತ್ತರಿ-ಕುರ್ಚಿ-ಸಾರು ಮೀಮಾಂಸೆ

ಪೂರ್ವಪಕ್ಷ ಹೀಗಿದೆ: ದುಡ್ಡು ಕೊಟ್ಟವನು ಕೂತು ನೋಡಬೇಕು, ದುಡ್ಡು ಇಸಕೊಂಡವನು ಕುಣಿಯಬೇಕು. ನೋಡಲು ಬಂದವನ ಕೈಯಲ್ಲೇ ಕೆಲಸ ಮಾಡಿಸಿ ಅದನ್ನು ಕಲೆ ಎಂದು ಕರೆದರೆ ಅದು ಬಿಟ್ಟಿ ಚಾಕರಿಯಲ್ಲದೆ ಮತ್ತೇನು? ಪೂರ್ವಪಕ್ಷಿಗಳು ಸಾಮಾನ್ಯವಾಗಿ ಮುಂದಿನ ಸಾಲಿನಲ್ಲೇ ಕೂರುವವರಾದ್ದರಿಂದ ಅವರ ಮಾತನ್ನು ಕೇಳಿಸಿಕೊಳ್ಳದೆ ವಿಧಿಯಿಲ್ಲ.

ಶಾಸ್ತ್ರಾಧಾರವಿಲ್ಲದೆ ಹೆಜ್ಜೆಯಿಡುವುದು ಪಂಡಿತರಿಗೆ ಭೂಷಣವಲ್ಲ. ಆದ್ದರಿಂದ ಮೊದಲು ಭರತನ ನಾಟ್ಯಶಾಸ್ತ್ರ, 27ನೇ ಅಧ್ಯಾಯ. ಪ್ರಯೋಗ ಗೆದ್ದಿತೋ ಬಿದ್ದಿತೋ ಎಂಬುದನ್ನು ಅಲ್ಲಿ ಭರತ ನೋಡುಗರ ಮೈಮೇಲೆಯೇ ಓದುತ್ತಾನೆ. ಮುಗುಳ್ನಗೆ, ಗಹಗಹಿಸಿ ನಗುವುದು, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರ, ರೋಮಾಂಚನ, ಎದ್ದು ನಿಲ್ಲುವುದು, ಬಟ್ಟೆ ಮತ್ತು ಉಂಗುರ ಎಸೆಯುವುದು, ಇವೆಲ್ಲ ಗೆಲುವಿನ, ಅಂದರೆ ಸಿದ್ಧಿಯ, ಗುರುತುಗಳು. ಕೆಡಿಸುವ ಘಾತಗಳ ಪಟ್ಟಿಯೂ ಉಂಟು: ಗಾಳಿ, ಬೆಂಕಿ, ಮಳೆ, ಆನೆ, ಹಾವು, ಇರುವೆ, ಜೊತೆಗೆ ವೈರಿಗಳು ಎಸೆಯುವ ಸಗಣಿ ಮತ್ತು ಹೆಂಟೆ. ನೋಡುಗ ಸುಮ್ಮನೆ ಕೂತಿರುತ್ತಾನೆಂಬ ಭ್ರಮೆ ಭರತನಿಗಂತೂ ಇರಲಿಲ್ಲ.

ಭರತನ ನೋಡುಗ ತನ್ನ ಬಟ್ಟೆ ಎಸೆದರೆ, ಕ್ಯೋಟೊದ ನೋಡುಗ ಕಲಾವಿದೆಯ ಬಟ್ಟೆ ಕತ್ತರಿಸಿಕೊಂಡು ಮನೆಗೆ ಒಯ್ದ. 1964ರ ಜುಲೈನಲ್ಲಿ ಯೋಕೊ ಓನೊ ಅಲ್ಲಿ ಮೊದಲ ಸಲ 'ಕಟ್ ಪೀಸ್' ಮಾಡಿದರು. ಒಳ್ಳೆಯ ಸೂಟು ತೊಟ್ಟು ವೇದಿಕೆಯಲ್ಲಿ ಮಂಡಿಯೂರಿ ಕೂತರು, ಎದುರಿಗೊಂದು ಕತ್ತರಿ. ಒಬ್ಬೊಬ್ಬರೇ ಬಂದು ಒಂದು ತುಂಡು ಕತ್ತರಿಸಿಕೊಳ್ಳಬಹುದು. 1965ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲಿನಲ್ಲಿ ಅದೇ ಪ್ರದರ್ಶನವನ್ನು ಮೇಸಲ್ಸ್ ಸಹೋದರರು ಚಿತ್ರೀಕರಿಸಿದರು. ಕೆಲವರು ಸಂಕೋಚದಿಂದ ಚಿಕ್ಕದೊಂದು ತುಂಡಿಗೆ ತೃಪ್ತರಾಗುತ್ತಾರೆ. ಆಮೇಲೆ ಒಬ್ಬ ತರುಣ ಬರುತ್ತಾನೆ. ಅವನಿಗೆ ಅವಸರವಿಲ್ಲ, ಸಭೆಯ ಕಣ್ಣು ತನ್ನ ಮೇಲಿದೆಯೆಂಬ ಖುಷಿ ಬೇರೆ. ಒಳ ಉಡುಪು ಕತ್ತರಿಸಿ ಬ್ರಾದ ಪಟ್ಟಿಗೂ ಕತ್ತರಿ ಹಾಕುತ್ತಾನೆ. ಅಲ್ಲಿಯವರೆಗೆ ಅಲ್ಲಾಡದೆ ಕೂತಿದ್ದ ಓನೊ ಅವರ ಕೈಗಳು ಮೆಲ್ಲನೆ ಎದೆಗೆ ಬರುತ್ತವೆ. ಭರತನ ಪಟ್ಟಿಯಲ್ಲಿ ಈ ತರುಣನನ್ನು ಎಲ್ಲಿ ಕೂರಿಸಬೇಕು, ಸಿದ್ಧಿಯಲ್ಲೋ ಇರುವೆಯ ಪಕ್ಕದಲ್ಲೋ? ಪಂಡಿತರು ಇನ್ನೂ ಗಡ್ಡ ಕೆರೆದುಕೊಳ್ಳುತ್ತಿದ್ದಾರೆ.

ಇನ್ನು ಇಂಥ ಕಲೆಯ ಲಕ್ಷಣ. 'ನೋಡುಗ ಪಾಲ್ಗೊಂಡದ್ದೆಲ್ಲ ಕಲೆ' ಎನ್ನೋಣವೇ? ತಕ್ಷಣ ಅತಿವ್ಯಾಪ್ತಿ ದೋಷ ಬಂದು ಅಡರುತ್ತದೆ. 2010ರ ಮಾರ್ಚ್ 14ರಿಂದ ಮೇ 31ರವರೆಗೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಕಲಾವಿದೆ ಮರಿನಾ ಅಬ್ರಮೊವಿಚ್ ಕುರ್ಚಿಯೊಂದರಲ್ಲಿ ಒಟ್ಟು 700 ಗಂಟೆಗೂ ಮಿಕ್ಕಿ ಕೂತರು. ಎದುರು ಕುರ್ಚಿಯಲ್ಲಿ ಕೂರಲು ಜನ ಸಾಲುಗಟ್ಟಿದರು, ಸಾವಿರಕ್ಕೂ ಹೆಚ್ಚು ಮಂದಿ ಕೂತೆದ್ದರು, ಪ್ರತಿಯೊಬ್ಬರ ಫೋಟೊವನ್ನೂ ಮಾರ್ಕೊ ಅನೆಲ್ಲಿ ತೆಗೆದರು. ಸಾಲಲ್ಲಿ ನಿಲ್ಲುವುದು, ಸರದಿ ಬಂದಾಗ ಮುಖ ನೋಡುವುದು, ಫೋಟೊಗೆ ಸಿಕ್ಕಿ ಹೊರಡುವುದು: ಇಷ್ಟೇ ಆದರೆ ನಮ್ಮ ಯಾವ ಮದುವೆಯ ಆರತಕ್ಷತೆ ಕಲೆಯಲ್ಲ? ಮೇಲಾಗಿ ಮದುವೆಯಲ್ಲಿ ಊಟವೂ ಉಂಟು.

ಸಿದ್ಧಾಂತಿ ಗಂಟಲು ಸರಿಪಡಿಸಿಕೊಂಡು ಹೇಳುತ್ತಾನೆ: ಆರತಕ್ಷತೆಯಲ್ಲಿ ಅತಿಥಿ ಹೇಗೆ ನಡೆದುಕೊಂಡ ಎಂದು ನೋಡಲು ಯಾರೂ ಮದುವೆಯಾಗುವುದಿಲ್ಲ. ಮ್ಯೂಸಿಯಂನ ಕುರ್ಚಿಯ ಸುತ್ತ ನಿಯಮ ಕಟ್ಟಿದ್ದೇ ಅದಕ್ಕೆ. ಮಾತಿಲ್ಲ, ಮುಟ್ಟುವಂತಿಲ್ಲ, ಎಷ್ಟು ಹೊತ್ತಾದರೂ ಕೂರಬಹುದು. ನಿಯಮ ಕಲಾವಿದೆಯದು, ನಡತೆ ಬಂದವರದು, ಕಾಣಿಸಿಕೊಳ್ಳುವುದು ಆ ನಡತೆ. ಪದ್ಯಕ್ಕೆ ಛಂದಸ್ಸು ಮಾಡುವ ಕೆಲಸವನ್ನು ಇಲ್ಲಿ ನಿಯಮ ಮಾಡುತ್ತದೆ.

ಈ ಲಕ್ಷಣಕ್ಕೆ ಮ್ಯೂಸಿಯಂನ ಕಾವಲುಗಾರರೇ ಭಾಷ್ಯ ಬರೆದರು. ಅದೇ ಕಟ್ಟಡದ ಆರನೇ ಮಹಡಿಯಲ್ಲಿ ಅಬ್ರಮೊವಿಚ್‌ರ ಹಳೆಯ ಕೃತಿಗಳನ್ನು ಬೆತ್ತಲೆ ಕಲಾವಿದರು ಮತ್ತೆ ಮಾಡಿ ತೋರಿಸುತ್ತಿದ್ದರು, ಅದಕ್ಕೆ ಅಡ್ಡಿಯಿರಲಿಲ್ಲ. ಕೆಳಗೆ ಕುರ್ಚಿಯ ಬಳಿ ಬಂದ ಮಹಿಳೆಯೊಬ್ಬರು ಉಡುಪು ಕಳಚಿದಾಗ ಮಾತ್ರ ಅವರನ್ನು ಹೊರಗೆ ಕರೆದೊಯ್ದರು. ಎರಡೂ ಬೆತ್ತಲೆಯೇ, ಆದರೆ ಒಂದು ನಿಯಮದೊಳಗಿನದು, ಇನ್ನೊಂದು ಹೊರಗಿನದು. ಇಷ್ಟು ಸ್ಪಷ್ಟವಾದ ಭೇದನಿರೂಪಣೆ ಯಾವ ಸೆಮಿನಾರಿನಲ್ಲೂ ನಡೆದಿರಲಾರದು.

ಈ ಸಿದ್ಧಾಂತದ ಅತಿ ಕಠಿಣ ಪರೀಕ್ಷೆ ನಡೆದದ್ದು 1974ರಲ್ಲಿ, ಇಟಲಿಯ ನೇಪಲ್ಸ್‌ನ ಸ್ಟುಡಿಯೊ ಮೊರಾದಲ್ಲಿ. 'ರಿದಮ್ 0' ಎಂಬ ಆ ಕೃತಿಯಲ್ಲಿ ಅಬ್ರಮೊವಿಚ್ ಮೇಜಿನ ಮೇಲೆ 72 ವಸ್ತುಗಳನ್ನಿಟ್ಟರು: ಗುಲಾಬಿ, ಗರಿ, ಜೇನು, ದ್ರಾಕ್ಷಿ, ಕತ್ತರಿ, ಶಸ್ತ್ರಚಿಕಿತ್ಸೆಯ ಚಾಕು, ಪಿಸ್ತೂಲು, ಒಂದೇ ಒಂದು ಗುಂಡು. ಆರು ಗಂಟೆ ಕಾಲ ಇವನ್ನು ನನ್ನ ಮೇಲೆ ಹೇಗೆ ಬೇಕಾದರೂ ಬಳಸಿ, ಹೊಣೆ ನನ್ನದು ಎಂದು ಬರೆದಿಟ್ಟು ಸುಮ್ಮನೆ ನಿಂತರು. ಮೊದಮೊದಲು ನೋಡುಗರು ಗುಲಾಬಿ ಕೊಟ್ಟರು. ಆಮೇಲೆ ಬಟ್ಟೆ ಕತ್ತರಿಸಿದರು, ಚರ್ಮ ಕೊಯ್ದರು. ಗುಂಡು ತುಂಬಿದ ಪಿಸ್ತೂಲು ಕಲಾವಿದೆಯತ್ತ ತಿರುಗಿದಾಗ ನೋಡುಗರೇ ಒಬ್ಬರನ್ನೊಬ್ಬರು ತಡೆಯಬೇಕಾಯಿತು. ಸಮಯ ಮುಗಿದು ಆಕೆ ಜನರತ್ತ ನಡೆದು ಬಂದಾಗ ಎಲ್ಲರೂ ಓಡಿಹೋದರು ಎಂದು ಅಬ್ರಮೊವಿಚ್ ಹೇಳಿದ್ದಾರೆ. ಅಲ್ಲಿ ಕಾಣಿಸಿಕೊಂಡದ್ದು ಅವರ ನಡತೆಯಲ್ಲ, ಮೇಜಿನ ಮೇಲಿನ ಬರೀ ಸಾಮಾನು ಎಂದಾದರೆ ಓಡುವ ಅಗತ್ಯವೇನಿತ್ತು? ಪೂರ್ವಪಕ್ಷಿಯಿಂದ ಇದಕ್ಕೆ ಉತ್ತರ ಬಂದಿಲ್ಲ.

ಉಳಿದದ್ದು ಸಾರು. 1992ರಲ್ಲಿ ಕಲಾವಿದ ರಿರ್ಕ್ರಿಟ್ ತಿರವನಿಜ ನ್ಯೂಯಾರ್ಕಿನ 303 ಗ್ಯಾಲರಿಯ ಆಫೀಸು ಸಾಮಾನನ್ನೆಲ್ಲ ಪ್ರದರ್ಶನದ ಕೋಣೆಗೆ ಎಳೆದು ಹಾಕಿ, ಒಳಗೆ ಒಲೆ ಹೂಡಿ, ಬಂದವರಿಗೆಲ್ಲ ಪುಕ್ಕಟೆ ಥಾಯ್ ಸಾರು-ಅನ್ನ ಬಡಿಸಿದರು. ಅವರ ಕೃತಿಗಳ ಸಾಮಗ್ರಿ ಪಟ್ಟಿಯಲ್ಲಿ 'ಬಹಳಷ್ಟು ಜನ' ಎಂದೂ ಬರೆದಿರುತ್ತದೆ. ಅಡುಗೆ ಪುಸ್ತಕದವರು ಗಮನಿಸಬೇಕು. ಆದರೆ ಉಂಡವರು ಯಾರು? ಬಹುಪಾಲು ಗ್ಯಾಲರಿಗೆ ಬಂದುಹೋಗುವ ಮಂದಿಯೇ. ಇಂಥ ಸೌಹಾರ್ದಕ್ಕೆ ಕಷ್ಟವೇನೂ ಇಲ್ಲ ಎಂದು ವಿಮರ್ಶಕಿ ಕ್ಲೇರ್ ಬಿಷಪ್ 2004ರಲ್ಲಿ ತಕರಾರು ತೆಗೆದರು. ತಕರಾರು ಸರಿಯಾದದ್ದೇ. ಲಕ್ಷಣದ ಪ್ರಕಾರ ಸಾರೂ ಕಲೆಯೇ, ಅದನ್ನು ನಿರಾಕರಿಸುವಂತಿಲ್ಲ. ಆದರೆ ಕತ್ತರಿ ಮತ್ತು ಪಿಸ್ತೂಲಿನ ಎದುರು ಅದು ನೀರುಸಾರು.

ಇಂಥ ಪ್ರದರ್ಶನಗಳಿಗೆ ಹೋಗುವ ಓದುಗರಲ್ಲಿ ವಿನಂತಿ ಇಷ್ಟೇ: ಏನನ್ನಾದರೂ ಕೈಗೆತ್ತಿಕೊಳ್ಳುವ ಮೊದಲು ಸೂಚನೆಯನ್ನು ಪೂರ್ತಿ ಓದಿ, ಕ್ಯಾಮೆರಾ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳಿ. ಕಾರ್ನೆಗಿ ಹಾಲಿನ ಆ ತರುಣ ಇಂದಿಗೂ ಆ ಫಿಲ್ಮಿನಲ್ಲಿದ್ದಾನೆ.