ಬೌದ್ಧಿಕ ಸ್ವತ್ತಿನ ವಕೀಲರ ಮಹಾಸಮ್ಮೇಳನಕ್ಕೆ ಒಂದು ವಿಜ್ಞಾಪನೆ

ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರಿಗೂ, ಪೇಟೆಂಟು, ಟ್ರೇಡ್‌ಮಾರ್ಕು, ಕೃತಿಸ್ವಾಮ್ಯಗಳೆಂಬ ತ್ರಿಮೂರ್ತಿಗಳ ಉಪಾಸನೆಯಲ್ಲಿ ಆಯುಷ್ಯವನ್ನು ಸವೆಸುತ್ತಿರುವ ಸಮಸ್ತ ನ್ಯಾಯವಾದಿ ಮಹಾಶಯರಿಗೂ, ಸ್ವತ್ತೆಂಬುದು ಏನೂ ಇಲ್ಲದ ಮತ್ತು ಬೌದ್ಧಿಕವೆಂಬ ವಿಶೇಷಣಕ್ಕೂ ಪಾತ್ರನೋ ಅಲ್ಲವೋ ಎಂಬ ಸಂದೇಹಕ್ಕೆ ಎಡೆಗೊಡುವ ಓರ್ವ ಓದುಗನು ಮಾಡುವ ಅನೇಕ ನಮಸ್ಕಾರಗಳು.

ತಾವು ಬೆಂಗಳೂರಿನ ಪಂಚತಾರಾ ಹೋಟೆಲೊಂದರಲ್ಲಿ ಮೂರು ದಿನ ಪರ್ಯಂತ ನೆರೆದು, ಮನುಷ್ಯನ ಮೇಧೆಯಿಂದ ಹೊರಡುವ ಸಕಲ ವಸ್ತುವಿಗೂ ಬೇಲಿ ಹಾಕುವುದು ಹೇಗೆ, ಹಾಕಿದ ಬೇಲಿಯನ್ನು ಪಕ್ಕದ ಹೊಲಕ್ಕೆ ನಾಲ್ಕು ಮೊಳ ಸರಿಸುವುದು ಹೇಗೆ, ಸರಿಸಿದ ಮೇಲೆ ಅತಿಕ್ರಮಣ ಮಾಡಿದೆಯೆಂದು ಆ ಪಕ್ಕದವನಿಗೇ ನೋಟೀಸು ಕೊಡುವುದು ಹೇಗೆ ಎಂಬ ಗಹನ ವಿಷಯಗಳನ್ನು ವಿಚಾರ ಮಾಡಲಿರುವಿರೆಂದು ಕೇಳಿ ಪರಮ ಸಂತೋಷವಾಯಿತು. ಇಂತಹ ಸಮ್ಮೇಳನಕ್ಕೆ ಬೆಂಗಳೂರಿಗಿಂತ ಯೋಗ್ಯವಾದ ಕ್ಷೇತ್ರ ಬೇರೊಂದಿಲ್ಲ. ಏಕೆಂದರೆ ಹಸುವಿನ ಹೆಸರು ಯಾರದೆಂಬ ವ್ಯಾಜ್ಯವು ಹುಟ್ಟಿ ಸುಪ್ರೀಂ ಕೋರ್ಟಿನವರೆಗೆ ನಡೆದುಹೋದದ್ದು ಈ ಊರಿನಿಂದಲೇ.

ವಸಿಷ್ಠರ ಹೋಮಧೇನುವಾದ ನಂದಿನಿಯನ್ನು ಬಲಾತ್ಕಾರದಿಂದ ಒಯ್ಯಲು ಹೋಗಿ ವಿಶ್ವಾಮಿತ್ರನು ಪಟ್ಟ ಪಾಡು ನಮ್ಮಲ್ಲಿ ಮಕ್ಕಳಿಗೂ ತಿಳಿದ ಕಥೆ. ಆ ಹಸುವಿನ ಹೆಸರನ್ನು ನಮ್ಮ ಹಾಲು ಮಹಾಮಂಡಳವು 1985ರಲ್ಲಿ ತನ್ನ ಹಾಲಿಗೆ ಇಟ್ಟುಕೊಂಡಿತು. ನಾಲ್ಕು ವರ್ಷ ಕಳೆದು ಉಪಾಹಾರಗೃಹದವರೊಬ್ಬರು ಅದೇ ಹೆಸರನ್ನು, ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚು ಸೇರಿಸಿ, ತಮ್ಮ ಭೋಜನಾಲಯಕ್ಕೆ ಇಟ್ಟುಕೊಂಡರು. ಇನ್ನು ಮೇಲೆ ಹಾಲೆಂದು ಬಗೆದು ಬಿರಿಯಾನಿಯನ್ನು ಕಾಫಿಗೆ ಬೆರೆಸಿಬಿಡುವ ಗ್ರಾಹಕರ ರಕ್ಷಣೆಗಾಗಿ ತಮ್ಮ ವೃತ್ತಿಬಾಂಧವರು ಮೇಲ್ಮನವಿ ಮಂಡಳಿ, ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯಗಳ ಮೆಟ್ಟಿಲನ್ನು ಕ್ರಮವಾಗಿ ಏರಿದರು. ನಂದಿನಿ ಎಂಬುದು ದೇವತೆಯ ಹೆಸರು, ಪುರಾಣದ ಗೋವಿನ ಹೆಸರು. ಎರಡು ಚಿಹ್ನೆಗಳನ್ನು ನೋಡಿ ಸಾಮಾನ್ಯ ವಿವೇಕವುಳ್ಳವನು ಭ್ರಮೆಗೊಳ್ಳುವುದಿಲ್ಲ. ಭೋಜನಾಲಯದವರು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಮಿಕ್ಕದ್ದಕ್ಕೆ ಆ ಹೆಸರನ್ನು ಇಟ್ಟುಕೊಳ್ಳಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ ತಿಂಗಳಿನಲ್ಲಿ ಹೇಳಿತು. ಈ ಮಾತನ್ನು ಹಾಲು ಹಾಕುವ ಹುಡುಗನೂ ಹೇಳಬಹುದಾಗಿತ್ತು, ನಿಜ. ಆದರೆ ಅವನು ಹೇಳಿದ್ದರೆ ಅದನ್ನು ಉಲ್ಲೇಖಿಸುವುದಕ್ಕೆ ಬರುತ್ತಿರಲಿಲ್ಲ.

ಹೀಗೆ ಪುರಾಣದ ಗೋವು ಸ್ವಸ್ಥಾನವನ್ನು ಸೇರಿದ್ದಾಯಿತು. ಮಹಾಭಾರತದ ಅಭಿಮನ್ಯುವಿನ ಗತಿ ಇಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಶಿವರಾಮ ಕಾರಂತರು ಯಕ್ಷಗಾನದ ರಾಗ, ತಾಳ, ವೇಷಭೂಷಣ, ರಂಗವ್ಯವಸ್ಥೆಗಳನ್ನು ದೀರ್ಘಕಾಲ ಪರಿಶೋಧಿಸಿ, 'ಯಕ್ಷರಂಗ'ವೆಂಬ ನೂತನ ಪ್ರಕಾರವೊಂದನ್ನು ಕಟ್ಟಿ, ಅದಕ್ಕಾಗಿ ಏಳು ಪ್ರಸಂಗಗಳನ್ನು ಸಿದ್ಧಪಡಿಸಿದರು. 1997ರಲ್ಲಿ ದಿವಂಗತರಾಗುವುದಕ್ಕೆ ಮೊದಲು ತಮ್ಮ ಕೃತಿಗಳ ಹಕ್ಕನ್ನು ಉಯಿಲಿನ ಮೂಲಕ ತಮ್ಮ ಆಪ್ತರಿಗೆ ಬಿಟ್ಟುಹೋದರು. ಅವರು ದುಡಿದಿದ್ದ ಮಣಿಪಾಲದ ಸಂಸ್ಥೆಯ ಕಲಾವಿದರೇ 2001ರಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿದಾಗ, ಅನುಮತಿಯಿಲ್ಲದೆ ಆಡಿದರೆಂದು ಉಡುಪಿಯಲ್ಲಿ ದಾವೆ ಹೂಡಲ್ಪಟ್ಟಿತು. ಅನಂತರ ಎಂಟು ವರ್ಷಗಳ ಕಾಲ, ಈ ನೃತ್ಯರೂಪಕವು 'ಸಾಹಿತ್ಯ ಕೃತಿ'ಯೋ 'ನಾಟಕ ಕೃತಿ'ಯೋ, ಸಾಹಿತ್ಯವಾದರೆ ಉಯಿಲಿನ ಯಾವ ಖಂಡಿಕೆಗೆ ಸೇರುತ್ತದೆ, ನಾಟಕವಾದರೆ ಯಾವ ಖಂಡಿಕೆಗೆ ಸೇರುತ್ತದೆ ಎಂಬ ಜಿಜ್ಞಾಸೆಯು ನಡೆದು, ಕಡೆಗೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾರಂತರು ಮಾಡಿದ ಹೊಸತು ಅವರ ಉತ್ತರಾಧಿಕಾರಿಗೆ ಸೇರಿದ್ದೆಂದೂ, ಆದರೆ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣದಲ್ಲಿ ಹೇಳಿದ ವಿನಾಯಿತಿಗಳ ಪ್ರಯೋಜನವನ್ನು ಪಡೆಯುವುದಕ್ಕೆ ಸಂಸ್ಥೆಗೆ ಅಡ್ಡಿಯಿಲ್ಲವೆಂದೂ ತೀರ್ಮಾನಿಸಿತು. ಚಕ್ರವ್ಯೂಹವನ್ನು ಹೊಕ್ಕು ಹೊರಬರಲರಿಯದ ಬಾಲಕನ ಕಥೆಗೆ ಇದಕ್ಕಿಂತ ಉಚಿತವಾದ ರಂಗಸ್ಥಳವು ದೊರೆಯಲಾರದು.

ತೀರ್ಪಿನಲ್ಲಿ ಅನ್ಯಾಯವಿದೆಯೆಂದು ನಾನು ಹೇಳುತ್ತಿಲ್ಲ. ಕಾರಂತರ ಶ್ರಮವು ಕಾರಂತರದು. ಅದನ್ನು ಅವರು ಯಾರಿಗೆ ಬೇಕಾದರೂ ಕೊಡಬಹುದಾಗಿತ್ತು. ನನ್ನನ್ನು ಕಾಡುವುದು ಇನ್ನೊಂದು ಗುಮಾನಿ. ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ್ದು ಕ್ರಿ.ಶ. 941ರಲ್ಲಿ. ಕವಿಯು ಆ ವರ್ಷವೇ, ಮಸಿ ಒಣಗುವ ಮುನ್ನವೇ, ಸ್ವರ್ಗಸ್ಥನಾದನೆಂದು ಇಟ್ಟುಕೊಂಡರೂ, ಕವಿಯ ಕಾಲಾನಂತರ ಅರುವತ್ತು ವರ್ಷವೆಂಬ ನಮ್ಮ ಇಂದಿನ ಕಾಯಿದೆಯ ಲೆಕ್ಕದಂತೆ ಅವನ ಕೃತಿಸ್ವಾಮ್ಯವು 1001ರವರೆಗೆ ಊರ್ಜಿತದಲ್ಲಿರುತ್ತದೆ. ಹೀಗಿರಲು ಆ ಶತಮಾನವು ಮುಗಿಯುವ ಮೊದಲೇ ರನ್ನನೆಂಬವನು ಪಂಪನ ಕಾವ್ಯದ ಹದಿಮೂರನೆಯ ಆಶ್ವಾಸವನ್ನು ಎತ್ತಿಕೊಂಡು, ಹಿಗ್ಗಿಸಿ, ಅರ್ಜುನನಿದ್ದ ಸಿಂಹಾಸನದಲ್ಲಿ ಭೀಮನನ್ನು ಕೂರಿಸಿ, 'ಗದಾಯುದ್ಧ'ವೆಂಬ ಹೆಸರಿನಲ್ಲಿ ಚಾಳುಕ್ಯರ ಆಸ್ಥಾನಕ್ಕೆ ಒಪ್ಪಿಸಿಬಿಟ್ಟನು. ತಮ್ಮ ಸಮ್ಮೇಳನವು ಆಗಲೇ ನಡೆದಿದ್ದ ಪಕ್ಷದಲ್ಲಿ, ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶಜರು ತಮ್ಮಲ್ಲಿ ಯಾರಾದರೊಬ್ಬರಿಗೆ ವಕಾಲತ್ತು ಬರೆದುಕೊಡುತ್ತಿದ್ದರು, ಓಲೆಗರಿಗಳು ಜಪ್ತಿಯಾಗುತ್ತಿದ್ದವು, ದುರ್ಯೋಧನನು ಇಂದಿಗೂ ವೈಶಂಪಾಯನ ಸರೋವರದ ನೀರಿನೊಳಗೆ ತಡೆಯಾಜ್ಞೆಯ ತೆರವನ್ನು ಕಾಯುತ್ತ ಕುಳಿತಿರುತ್ತಿದ್ದನು. ಹಳೆಯ ಕವಿಗಳು ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸಿ ಕೈಮುಗಿಯುತ್ತಿದ್ದುದು ತಮಗೆ ತಿಳಿದಿರಬಹುದು. ಆ ಕಾಲದಲ್ಲಿ ಪರವಾನಗಿಯ ಶುಲ್ಕವು ಅಷ್ಟೇ ಆಗಿತ್ತು.

ಇದೆಲ್ಲವೂ ಕವಿಗಳ ಅವ್ಯವಹಾರವೆಂದು ತಾವು ತಳ್ಳಿಹಾಕುವುದಾದರೆ, ತಮ್ಮ ವೃತ್ತಿಯ ವ್ಯವಹಾರವನ್ನೇ ಅವಲೋಕಿಸೋಣ. ಪೇಟೆಂಟು ಕಚೇರಿಯಲ್ಲಿ ಇದನ್ನು ಹಿಂದೆ ಯಾರೂ ಹೇಳಿಲ್ಲವೆಂದು ಸಾಧಿಸಿದವನು ಗೆಲ್ಲುತ್ತಾನೆ; ಅದೇ ವಕೀಲನು ಕರಿಕೋಟು ತೊಟ್ಟು ನ್ಯಾಯಪೀಠದ ಮುಂದೆ ನಿಂತಾಗ, ಇದನ್ನು ಹಿಂದೆಯೇ ಹೇಳಿಯಾಗಿದೆಯೆಂದು ಸಾಧಿಸಿದರೆ ಮಾತ್ರ ಗೆಲ್ಲುತ್ತಾನೆ. ಯಾವ ಪೂರ್ವತೀರ್ಪಿನ ಆಧಾರವೂ ಇಲ್ಲದ, ಕೇವಲ ತನ್ನ ತಲೆಯಲ್ಲೇ ಉದಯಿಸಿದ ವಾದವನ್ನು ಹಿಡಿದು ಬಂದ ವಕೀಲನನ್ನು ನ್ಯಾಯಾಧೀಶರು ಎಷ್ಟು ಹೊತ್ತು ಸಹಿಸುತ್ತಾರೆಂಬುದನ್ನು ಬಲ್ಲವರು ತಾವೇ. ಜಗತ್ತಿನಲ್ಲಿ ನಕಲಿನಿಂದಲೇ ಅನ್ನವುಣ್ಣುವ, ನಕಲು ಮಾಡದಿದ್ದರೆ ಅಪಹಾಸ್ಯಕ್ಕೆ ಗುರಿಯಾಗುವ ಗೌರವಾನ್ವಿತ ವೃತ್ತಿಯೆಂದರೆ ನ್ಯಾಯವಾದವೊಂದೇ. ಅದಕ್ಕಾಗಿಯೇ ಕಾಯಿದೆಯು ದೂರದೃಷ್ಟಿಯಿಂದ ನ್ಯಾಯಾಲಯದ ತೀರ್ಪನ್ನು ಯಾರು ಬೇಕಾದರೂ ಅಚ್ಚುಹಾಕಬಹುದೆಂದು ಬಿಟ್ಟುಕೊಟ್ಟಿದೆ. ಈ ಒಂದು ಬಯಲಾದರೂ ಬಯಲಾಗಿಯೇ ಉಳಿಯಿತೇ ಎಂದರೆ, ಅಲ್ಲಿಯೂ ತಮ್ಮ ಪ್ರತಿಭೆ ಸುಮ್ಮನಿರಲಿಲ್ಲ. ತೀರ್ಪು ಸರ್ವರ ಸ್ವತ್ತಾದರೂ, ಅದನ್ನು ಪ್ರಕಟಿಸುವವರು ಸೇರಿಸಿದ ತಲೆಟಿಪ್ಪಣಿಗಳೂ, ಅವರು ವಿಂಗಡಿಸಿದ ಪ್ಯಾರಾಗಳೂ, ಆ ಪ್ಯಾರಾಗಳಿಗೆ ಅವರು ಹಾಕಿದ ಅಂಕಿಗಳೂ ಅವರ ಸ್ವಂತ ಸೃಷ್ಟಿಯೆಂದು 2007ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತು. ಒಂದು, ಎರಡು, ಮೂರು ಎಂದು ಎಣಿಸುವ ವಿದ್ಯೆಯನ್ನು ಕೂಲಿಮಠದ ಮರಳಿನ ಮೇಲೆ ಧರ್ಮಕ್ಕೆ ಹೇಳಿಕೊಟ್ಟ ಅಯ್ಯನವರ ನಷ್ಟವನ್ನು ಯಾರು ತುಂಬಿಕೊಡಬೇಕು?

ಇನ್ನು ತಾವು ಕಳುಹಿಸುವ ನೋಟೀಸುಗಳ ವಿಚಾರ. 'ನಮ್ಮ ಕಕ್ಷಿದಾರರ ಸೂಚನೆಯ ಮೇರೆಗೆ' ಎಂದು ಆರಂಭವಾಗಿ, 'ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ' ಎಂದು ಮುಗಿಯುವ ಆ ಗದ್ಯಪ್ರಬಂಧವನ್ನು ಪ್ರಥಮತಃ ರಚಿಸಿದ ಮಹಾನುಭಾವನು ಯಾರು? ಅವನು ಗತಿಸಿ ಅರುವತ್ತು ವರ್ಷಗಳಾದುವೋ ಇಲ್ಲವೋ? ಅವನ ವಾರಸುದಾರರಿಂದ ತಾವು ಅನುಮತಿ ಪಡೆದಿರುವಿರಾ? ಅಕ್ಷರಶಃ ನಕಲು ಮಾಡಿದ ಒಂದು ಪತ್ರದಿಂದ, ನೀನು ನಕಲು ಮಾಡಿರುವೆಯೆಂದು ಇನ್ನೊಬ್ಬನನ್ನು ಹೆದರಿಸುವ ಧೈರ್ಯವನ್ನು ನಾನು ಬೇರಾವ ಶೂರರಲ್ಲಿಯೂ ಕಾಣೆ. ಆ ಪತ್ರವು ತಲುಪಿದ ಸಣ್ಣ ಅಂಗಡಿಯವನಿಗೋ, ನಾಟಕದ ಮೇಷ್ಟರಿಗೋ 52ನೆಯ ಪ್ರಕರಣವೆಂಬುದೊಂದಿದೆಯೆಂದು, ಅದರಲ್ಲಿ ವಿನಾಯಿತಿಗಳ ಉದ್ದನೆಯ ಪಟ್ಟಿಯೇ ಇದೆಯೆಂದು ತಿಳಿಯುವುದಿಲ್ಲ. ತಿಳಿಸುವುದು ತಮ್ಮ ಕಕ್ಷಿದಾರರ ಸೂಚನೆಯಲ್ಲಿ ಸೇರಿರುವುದಿಲ್ಲ. ಕಾಯಿದೆಯು ಕೊಡಲೊಪ್ಪದ ಹಕ್ಕನ್ನು ಹೆದರಿಕೆಯು ಕೊಡುತ್ತದೆಂಬುದು ತಮ್ಮ ಶಾಸ್ತ್ರದ ಬರೆಯದ ಸೂತ್ರ.

ತಮ್ಮಿಂದ ಉಪಕಾರವಾಗಿಲ್ಲವೆಂದಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದು ಹೊಸ ಆವಿಷ್ಕಾರವೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆತಾಗ, ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿತು; ಬೇವಿನ ಶಿಲೀಂಧ್ರನಾಶಕ ಗುಣದ ಮೇಲಿನ ಯುರೋಪಿನ ಪೇಟೆಂಟು 2005ರಲ್ಲಿ ಮೇಲ್ಮನವಿಯಲ್ಲಿಯೂ ಬಿದ್ದುಹೋಯಿತು. ಆ ವ್ಯಾಜ್ಯಗಳಲ್ಲಿ ದುಡಿದ ವಕೀಲರಿಗೆ ಯುಗಾದಿಯ ದಿನ ಬೇವುಬೆಲ್ಲವನ್ನು ಮೊದಲು ಹಂಚಬೇಕೆಂಬುದು ನನ್ನ ಮತ. ಆದರೆ ಅರಿಸಿನದ ಪೇಟೆಂಟಿಗೆ ಅರ್ಜಿ ಬರೆದುಕೊಟ್ಟವರೂ ಅದೇ ವೃತ್ತಿಯವರೆಂಬುದನ್ನು ಪಂಕ್ತಿಯಲ್ಲಿ ಕುಳಿತಾಗ ಮರೆಯತಕ್ಕದ್ದಲ್ಲ.

ಕಡೆಯದಾಗಿ ತಮ್ಮ ಔತಣಕೂಟದ ಬಗ್ಗೆ ಒಂದು ಸಲಹೆ. ಭೋಜನಕ್ಕೆ ಉಡುಪಿಯ ಮಟ್ಟುಗುಳ್ಳದ ಹುಳಿ ಇರಲಿ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂದು ಪ್ರತೀತಿಯಿರುವ ಆ ಬದನೆಗೆ ಭೌಗೋಳಿಕ ಸೂಚಕವೆಂಬ ಬಿರುದು ಪ್ರಾಪ್ತವಾಗಿದೆ, ಆದ್ದರಿಂದ ಪಂಕ್ತಿಗೆ ಯೋಗ್ಯವಾಗಿದೆ. ಸಂಗೀತದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅವಶ್ಯಕ. ಹೋಟೆಲಿನಲ್ಲಿ ಧ್ವನಿಮುದ್ರಿತ ಹಾಡನ್ನು ಹಾಕಬೇಕಾದರೆ ಹಕ್ಕುದಾರರಿಗೆ ಶುಲ್ಕ ತೆರಬೇಕಷ್ಟೆ. ನಾಡಿನ ಹಕ್ಕುಗಳನ್ನೆಲ್ಲ ಕಾಯುವವರು ಇದನ್ನು ತೆರದೆ ಸಿಕ್ಕಿಬಿದ್ದರೆ ಅಪಹಾಸ್ಯವಾದೀತು, ತೆತ್ತರೆ ಖರ್ಚಾದೀತು. ಈ ಉಭಯಸಂಕಟದಿಂದ ಪಾರಾಗುವ ಮಾರ್ಗವು ತಾವು ಯಾರಿಗೂ ಹೇಳದೆ ಇರಿಸಿಕೊಂಡಿರುವ 52ನೆಯ ಪ್ರಕರಣದಲ್ಲಿಯೇ ಇದೆ: ಧಾರ್ಮಿಕ ವಿಧಿಗಳಲ್ಲಿಯೂ, ಮದುವೆಯ ಮೆರವಣಿಗೆಯಲ್ಲಿಯೂ, ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳಲ್ಲಿಯೂ ಹಾಡಿಗೆ ಶುಲ್ಕವಿಲ್ಲ. ಆದಕಾರಣ ಔತಣದ ರಾತ್ರಿ ಅದೇ ಹೋಟೆಲಿನಲ್ಲಿ ಒಂದು ವಿವಾಹವನ್ನು ನೆರವೇರಿಸಿಬಿಡಬೇಕೆಂದು ಸೂಚಿಸುತ್ತೇನೆ. ಮದುವೆಯು ನಿಜವಾದುದಾಗಿರಬೇಕು, ತೋರಿಕೆಯದು ಕಾಯಿದೆಗೆ ಒಪ್ಪುವುದಿಲ್ಲ; ವಧೂವರರನ್ನು ಗೊತ್ತುಮಾಡುವ ಭಾರವನ್ನು ಸ್ವಾಗತ ಸಮಿತಿಯು ಈಗಿನಿಂದಲೇ ವಹಿಸಿಕೊಳ್ಳುವುದು ಕ್ಷೇಮ. ವರದಕ್ಷಿಣೆಯ ನಿಷೇಧಕ್ಕೆ ಬೇರೆಯೇ ಕಾಯಿದೆಯುಂಟು, ಅದಕ್ಕೆ ಬೇರೆಯೇ ವಕೀಲರಿದ್ದಾರೆ.

ಇತಿ ತಮ್ಮ ವಿಧೇಯ,
ಓರ್ವ ಓದುಗ