ಕುರುಕ್ಷೇತ್ರದ ಕಾಯಿಗಳು: ಚದುರಂಗ ವರ್ಣಲೇಪನ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಬೆರಳುದ್ದದ ರೆಸಿನ್ ಬೊಂಬೆಗಳಿಗೆ ಕೈಯಾರೆ ಬಣ್ಣ ಹಚ್ಚಿ ಕುರುಕ್ಷೇತ್ರದ ಚದುರಂಗ ಹೂಡುವುದು. ಅಧಿಕಾರಿ: ಕೈ ನಡುಗದವನು, ಮತ್ತು ಬಣ್ಣ ಒಣಗುವ ಮುಂಚೆ ಗ್ಯಾಸ್ ಸಿಲಿಂಡರ್ ಬಂತೆಂದು ಯಾರೂ ಕೂಗದ ಮನೆಯವನು. ಇವೆರಡೂ ಲಕ್ಷಣ ಒಬ್ಬನಲ್ಲೇ ಕೂಡುವುದು ದುರ್ಲಭವಾದ್ದರಿಂದ ಈ ಶಾಸ್ತ್ರದಲ್ಲಿ ಗುರುಪರಂಪರೆ ಬೆಳೆದಿಲ್ಲ. ಸಂಬಂಧವನ್ನು ವಿದ್ವಾಂಸರು ಊಹಿಸಿಕೊಳ್ಳಬೇಕು. ಪ್ರಯೋಜನದ ಮಾತಿಗೆ ಆಮೇಲೆ ಬರೋಣ, ಅವಸರವೇನಿಲ್ಲ.

ಮೊದಲು ಪಾತ್ರನಿರ್ಣಯ. ರಾಜರ ವಿಷಯದಲ್ಲಿ ವಾದವಿಲ್ಲ: ಬಿಳಿಯ ಕಡೆ ಧರ್ಮರಾಯ, ಕರಿಯ ಕಡೆ ಕೌರವ. ಮಂತ್ರಿಗಳಾಗಿ ಕೃಷ್ಣ ಮತ್ತು ಶಕುನಿ. ಆಕ್ಷೇಪ ಶುರುವಾಗುವುದು ಇಲ್ಲೇ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟ ಕೃಷ್ಣ ಚದುರಂಗದ ಮಣೆಯ ಮೇಲೆ ಎಂಟು ದಿಕ್ಕಿಗೂ ನುಗ್ಗಿ ಸಿಕ್ಕ ಕಾಯಿಯನ್ನೆಲ್ಲ ಹೊಡೆಯುತ್ತಾನೆ. ಜೊತೆಗೆ ಅವನ ಮೈಬಣ್ಣ ಮೋಡದ್ದು, ನಿಂತದ್ದು ಬಿಳಿಯ ಪಾಳೆಯದಲ್ಲಿ. ಎರಡು ಮಾರು ದೂರದಿಂದ ನೋಡಿದವರು ಅವನನ್ನು ಕೌರವರ ಬಂಟನೆಂದೇ ತಿಳಿಯುತ್ತಾರೆ. (ಪೀಠಕ್ಕೆ ಬಿಳಿ ಬಳಿದು ಪಕ್ಷ ತೋರಿಸಬಹುದು ಎನ್ನುವವರಿದ್ದಾರೆ. ಹಾಗಾದರೆ ಪೀಠವನ್ನಷ್ಟೇ ಬಳಿದರೆ ಸಾಲದೇ ಎಂಬ ಪ್ರಶ್ನೆ ಏಳುವುದರಿಂದ ಆ ಮತ ತ್ಯಾಜ್ಯ.)

ಕುದುರೆಗೆ ನಕುಲ. ವಿರಾಟನ ಲಾಯದಲ್ಲಿ ದುಡಿದವನು, ಅರ್ಹತೆ ಪ್ರಶ್ನಾತೀತ. ಎರಡನೆಯ ಕುದುರೆಗೆ ಸಹದೇವ. ಅವನು ಅಲ್ಲಿ ದನ ಕಾಯ್ದವನು ನಿಜ, ಆದರೆ ಅವಳಿಯಾದ್ದರಿಂದ ಒಂದೇ ಅಚ್ಚು ಸಾಕು. ಕೌರವರ ಆನೆ ಭಗದತ್ತನ ಸುಪ್ರತೀಕ. ತೊಡಕಿರುವುದು ಪಾಂಡವರ ಆನೆಯಲ್ಲಿ. ಆ ಕಡೆ ಹೆಸರು ಉಳಿಸಿಕೊಂಡ ಆನೆ ಮಾಳವದ ಇಂದ್ರವರ್ಮನದು, ಅದರ ಹೆಸರು ಅಶ್ವತ್ಥಾಮ, ಅದನ್ನು ಕೊಂದವನು ಅದೇ ಪಾಳೆಯದ ಭೀಮ. ತನ್ನ ಕಾಯಿಯನ್ನು ತಾನೇ ಹೊಡೆಯುವ ನಡೆ ಚದುರಂಗದಲ್ಲಿಲ್ಲ. ಆದ್ದರಿಂದ ಸಮನ್ವಯ ಹೀಗೆ: ಈ ಕಾಯಿ ಬಿದ್ದಾಗ ಅಶ್ವತ್ಥಾಮ ಸತ್ತನೆಂದು ಬಿಳಿಯ ಕಡೆಯವನು ಗಟ್ಟಿಯಾಗಿ ಸಾರಬೇಕು, ಆನೆ ಎಂಬುದನ್ನು ಮೀಸೆಯೊಳಗೆ ಹೇಳಿಕೊಳ್ಳಬೇಕು. ಕೇಳಿದ ಎದುರಾಳಿ ಆಟ ಬಿಟ್ಟರೆ ಲಾಭ.

ಒಂಟೆಯ ಮನೆಯಲ್ಲಿ ರಥ. ಅರ್ಜುನನ ರಥಕ್ಕೆ ಸಾರಥಿಯಿಲ್ಲ. ಸಾರಥಿ ಪಕ್ಕದ ಮನೆಯಲ್ಲಿ ಮಂತ್ರಿಯಾಗಿ ನಿಂತಿದ್ದಾನೆ. ರಥವೆಂದರೆ ಚಕ್ರ, ಚಕ್ರವೆಂದರೆ ಅರೆಕಾಲುಗಳು, ಒಂದೊಂದಕ್ಕೂ ಬಣ್ಣ. ಕರ್ಣನ ಚಕ್ರ ನೆಲದಲ್ಲಿ ಹೂತಿರುವುದರಿಂದ ಅರ್ಧ ಚಕ್ರದ ಕೆಲಸ ತಪ್ಪುತ್ತದೆ. ಬಣ್ಣ ಹಚ್ಚುವವರಿಗೆ ವ್ಯಾಸರು ತೋರಿದ ಕರುಣೆ ಇದೊಂದೇ. ಒಂದು ಅಕ್ಷೌಹಿಣಿಗೆ ಕಾಲಾಳುಗಳೇ 1,09,350. ಕೌರವರದು 11 ಅಕ್ಷೌಹಿಣಿ, ಪಾಂಡವರದು 7. ಒಟ್ಟು 19,68,300 ಜನರಿಗೆ ಕಣ್ಣು ಬರೆಯುವ ಸಂಕಟವನ್ನು ಚದುರಂಗ 16ಕ್ಕೆ ಇಳಿಸಿದೆ. ಮೂಲದ ಪ್ರಮಾಣ ಕಾಯ್ದು ಕರಿಯ ಪಕ್ಷಕ್ಕೆ ಹತ್ತು, ಬಿಳಿಯ ಪಕ್ಷಕ್ಕೆ ಆರು ಕಾಲಾಳು ಕೊಡಬೇಕೆಂಬ ವಾದವನ್ನು ಬಿಳಿಯ ಕಡೆ ಕೂತವರು ಒಪ್ಪುವುದಿಲ್ಲ.

ಇನ್ನು ಪ್ರಯೋಗಕಾಂಡ. ಬೊಂಬೆಯನ್ನು ಸೋಪಿನ ನೀರಲ್ಲಿ ತೊಳೆಯಬೇಕು. ಅಚ್ಚಿನ ಜಿಡ್ಡು ಉಳಿದರೆ ಪ್ರೈಮರ್ ಹಿಡಿಯದು. ಪ್ರೈಮರ್ ಒಣಗಿದ ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಎರಡು ತೆಳು ಕೋಟು. ಒಂದೇ ದಪ್ಪ ಕೋಟಿನಲ್ಲಿ ಮುಗಿಸಲು ಹೋದರೆ ಎಳೆಗಳೆಲ್ಲ ತುಂಬಿ ಭೀಷ್ಮರ ಗಡ್ಡ ಮೊಸರನ್ನವಾಗುತ್ತದೆ. ಮಡಿಕೆಗಳಿಗೆ ಇಳಿಯಲು ತಿಳಿಯಾದ ಕಪ್ಪು ವಾಷ್, ಉಬ್ಬುಗಳಿಗೆ ಬಣ್ಣ ಒರೆಸಿ ತೆಗೆದ ಒಣ ಕುಂಚ. ಕೆದರಿದ ಕುಂಚವನ್ನು ತುಟಿಯಲ್ಲಿಟ್ಟು ಚೂಪು ಮಾಡುವುದಕ್ಕೆ ಎಲ್ಲ ಆಚಾರ್ಯರ ಬಾಯಲ್ಲೂ ನಿಷೇಧವಿದೆ, ಎಲ್ಲ ಆಚಾರ್ಯರ ತುಟಿಯಲ್ಲೂ ನೀಲಿ ಇದೆ. ಮಳೆಗಾಲದಲ್ಲಿ ವಾರ್ನಿಷ್ ಸ್ಪ್ರೇ ಹೊಡೆಯಬಾರದು. ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಜುಗಟ್ಟಿ ಕರಿಯ ಸೇನೆ ಪಕ್ಷಾಂತರ ಮಾಡುತ್ತದೆ.

ಕಣ್ಣಿಗೆ ಮೊದಲು ಕಪ್ಪು, ಮೇಲೆ ಬಿಳಿಗೆರೆ, ಅದರಲ್ಲಿ ಚುಕ್ಕಿ. ಚುಕ್ಕಿ ನಟ್ಟನಡುವೆ ಬಿದ್ದರೆ ಯೋಧ ದೆವ್ವ ಕಂಡವನಾಗುತ್ತಾನೆ, ಹಾಗಾಗಿ ಎರಡನ್ನೂ ಒಂದೇ ಬದಿಗೆ ಸರಿಸಬೇಕೆಂಬುದು ಕಸುಬಿನ ಮರ್ಮ. ಪರಿಣಾಮವಾಗಿ ಎರಡೂ ಸೇನೆಗಳು ಶತ್ರುವನ್ನು ಬಿಟ್ಟು ಕಿಟಕಿಯ ಕಡೆ ನೋಡುತ್ತಿರುತ್ತವೆ. ಈ ಲೇಖಕನ ಸ್ವಂತ ಕೊಡುಗೆಯಾದ ಕಾಲಾಳು ಕ್ಷಯನಿಯಮವನ್ನು ಇಲ್ಲೇ ಮಂಡಿಸಬೇಕು: ಮೊದಲ ಕಾಲಾಳಿಗೆ ಹುಬ್ಬು, ರೆಪ್ಪೆ, ತಿಲಕ, ಎಂಟನೆಯವನಿಗೆ ಕಣ್ಣು, ಹದಿನಾರನೆಯವನು ಯುದ್ಧದ ಭೀಕರತೆಗೆ ಕಣ್ಣು ಮುಚ್ಚಿಕೊಂಡವನು.

ಪ್ರಮಾಣ ಕೇಳುವವರು 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ, ವಾಲ್ರಸ್ ದಂತದ ಕಾಯಿಗಳನ್ನು ನೋಡಬಹುದು. ಸಿಕ್ಕಾಗ ಕೆಲವಕ್ಕೆ ಕೆಂಪು ಬಣ್ಣದ ಗುರುತಿತ್ತು. ರಾಣಿಯರು ಕೆನ್ನೆಗೆ ಕೈಯಿಟ್ಟು ಕೂತಿದ್ದಾರೆ. ಬಣ್ಣ ಒಣಗಲು ಕಾಯುತ್ತಿರಬೇಕು. ಅವುಗಳಲ್ಲಿ ಒಬ್ಬ ಕಾವಲುಗಾರ 1964ರಲ್ಲಿ ಐದು ಪೌಂಡಿಗೆ ಮಾರಾಟವಾಗಿ, ಮನೆಯೊಂದರ ಡ್ರಾಯರಿನಲ್ಲಿ ಮಲಗಿದ್ದು, 2019ರಲ್ಲಿ 7,35,000 ಪೌಂಡಿಗೆ ಹರಾಜಾದ. ಆಡದೆ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಆಪ್ತವಾಕ್ಯ ಬೇಕೆ? ವಿಶ್ವ ಚದುರಂಗ ಸಂಸ್ಥೆಯಾದ ಫಿಡೆಯವರ ಒಲವು ಮಾತ್ರ 1849ರಲ್ಲಿ ನೋಂದಣಿಯಾದ ಸ್ಟಾಂಟನ್ ಮಾದರಿಯ ಕಡೆಗೆ: ರಾಜ 9.5 ಸೆಂ.ಮೀ., ಕಾಲಾಳು 5, ಕಾಯಿ ಮಿರುಗಬಾರದು. ಮಿರುಗದ ದುರ್ಯೋಧನ! ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗಳಲ್ಲೂ ಸುತ್ತಿಸುವ ಬಂಧಗಳನ್ನು ರಚಿಸಿದ್ದಾರೆ. ಅಲ್ಲಿ ಒಂದು ಕುದುರೆಗಷ್ಟೇ ಬಣ್ಣ ಹಚ್ಚಿದರೆ ಸಾಕು ಎಂಬುದನ್ನು ಇತಿಹಾಸಕಾರರು ಗಮನಿಸಬೇಕಿತ್ತು.

ಈಗ ಪ್ರಯೋಜನ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ಚದುರಂಗದ ನಿಯಮ. ಬಣ್ಣ ಹಚ್ಚಿದ ಕಾಯಿಯನ್ನು ಮುಟ್ಟಲೇಬಾರದೆಂಬುದು ವರ್ಣಲೇಪನದ ನಿಯಮ. ಎರಡನ್ನೂ ನಿಷ್ಠೆಯಿಂದ ಪಾಲಿಸಿದರೆ ಸೇನೆಗಳು ಹೂಡಿದಲ್ಲೇ ನಿಲ್ಲುತ್ತವೆ, ಯಾರೂ ಸಾಯುವುದಿಲ್ಲ. ವಿದುರನ ನೀತಿ, ಕೃಷ್ಣನ ಸಂಧಾನ ಎರಡರಿಂದಲೂ ಆಗದ್ದು ಎರಡು ಕೋಟು ಅಕ್ರಿಲಿಕ್‌ನಿಂದ ಆಗಿದೆ.

ಇಷ್ಟನ್ನೂ ತಾಳ್ಮೆಯಿಂದ ಕೇಳಿದ ಪೂರ್ವಪಕ್ಷಿ, "ಸರಿ ಸ್ವಾಮಿ, ಒಂದು ಆಟ ಆಡೋಣವೇ?" ಎಂದ. ಆಡಿದೆವು, ಮೇಜಿನಡಿಯ ಪ್ಲಾಸ್ಟಿಕ್ ಡಬ್ಬಿಯ ಕಾಯಿಗಳಲ್ಲಿ. ಅದರಲ್ಲಿ ಕರಿಯ ಕುದುರೆಯೊಂದು ಯಾವಾಗಲೋ ಕಳೆದಿದ್ದು, ಆ ಮನೆಯಲ್ಲಿ ಪೆನ್ನಿನ ಮುಚ್ಚಳ ನಿಂತಿತ್ತು. ಅದು ಕುದುರೆ ಹೌದೋ ಅಲ್ಲವೋ ಎಂದು ಆಟ ಮುಗಿಯುವವರೆಗೂ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.