ಲೋಟರೇಖಾ ಮೀಮಾಂಸೆ

ಮೈಸೂರಿನ ಚಿಕ್ಕ ಗಡಿಯಾರದ ಸುತ್ತಮುತ್ತ ದಿನವಿಡೀ ಕೈಯಿಂದ ಕೈಗೆ ದಾಟುವ ಗೆರೆಲೋಟದ ಬಗ್ಗೆ ಪಂಡಿತರು ಇದುವರೆಗೆ ತುಟಿ ಬಿಚ್ಚದಿರುವುದು ನಮ್ಮ ವಿದ್ವತ್ತಿಗೆ ಅಂಟಿದ ಕಳಂಕ. ಅದನ್ನು ತೊಳೆಯಲೆಂದೇ ಈ ಪ್ರಬಂಧ. 1912ರಲ್ಲಿ ಮುಗಿದ ಅರಮನೆಯ ಕಲ್ಯಾಣ ಮಂಟಪದ ನವಿಲುಗಾಜನ್ನು ಕೈಬಿಟ್ಟಿದ್ದೇಕೆ ಎನ್ನುವವರಿಗೆ ನಮ್ಮ ಉತ್ತರ: ಅದು ಚಪ್ಪಟೆ ಗಾಜು, ಟೀ ನಿಲ್ಲುವುದಿಲ್ಲ.

ಗೆರೆಯಲ್ಲಿ ಎರಡು ಕುಲ. ಕಾದ ಗಾಜಿನ ಮುದ್ದೆಯನ್ನು ಅಚ್ಚಿಗೆ ಹಾಕಿ ಮೇಲಿಂದ ಒತ್ತಿದರೆ ಗೆರೆ ಹೊರಗೆ, ಒಳಮೈ ನುಣುಪು. ಕೊಳವೆಯ ತುದಿಯ ಮುದ್ದೆಯನ್ನು ಗೆರೆಯಚ್ಚಿನಲ್ಲಿ ಊದಿ, ಹೊರತೆಗೆದು, ನುಣುಪು ಅಚ್ಚಿನಲ್ಲಿ ಮತ್ತೆ ಊದಿದರೆ ಹೊರಮೈ ಸಪಾಟಾಗಿ ಗೆರೆಯ ಏರಿಳಿತ ಒಳಗೆ ಸರಿಯುತ್ತದೆ; ಬೆಳಕು ಅಲ್ಲಿ ಬಳುಕುತ್ತದೆ. ಕಲಾಗಾಜು ಕೂಡಿಡುವವರು 'ಆಪ್ಟಿಕ್' ಎಂದು ಕಣ್ಣರಳಿಸುವುದು ಈ ಎರಡನೆಯದಕ್ಕೆ. ಊದುವಾಗ ತಿರುಚಿದರೆ ಸುಳಿ ಆಪ್ಟಿಕ್, ವಜ್ರದಾಕಾರ ಮೂಡಿದರೆ ಡೈಮಂಡ್ ಆಪ್ಟಿಕ್. ವೆನಿಸ್ ಬಳಿಯ ಮುರಾನೊ ದ್ವೀಪದಲ್ಲಿ ಗೆರೆಯದು ರಿಗಡಿನ್, ವಜ್ರದ್ದು ಬಲ್ಲೊತೋನ್. ಪರೀಕ್ಷೆ ಸುಲಭ: ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ ಇಟ್ಟು ಲೋಟ ತಿರುಗಿಸುವುದು. ಅಂಗಡಿಯವರು ನೋಡದಿರುವಾಗ.

ಆಕ್ಷೇಪ: ಗೋಲಿ ಸೋಡಾ ಬಾಟಲಿಯ ಕತ್ತಿನ ಗುಳಿಯೂ ಆಪ್ಟಿಕ್ ಅಲ್ಲವೇ? ಅಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಹೈರಂ ಕಾಡ್ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಗುಳಿ ಇರುವುದು, ಸೋಡಾ ಸುರಿಯುವಾಗ ಗೋಲಿ ಬಾಯಿಗೆ ಅಡ್ಡ ಬರದಿರಲೆಂದು. ಸೌಂದರ್ಯಶಾಸ್ತ್ರಕ್ಕೆ ಅಲ್ಲಿ ಪ್ರವೇಶವಿಲ್ಲ.

ಈಗ ಮುಖ್ಯ ವಿವಾದ. ಪೂರ್ವಪಕ್ಷದವರ ಪ್ರಕಾರ ನಮ್ಮ ಟೀ ಲೋಟದ ಗೆರೆ ಹೊರಗಿರುವುದರಿಂದ ಅದು ಬರೀ ಒತ್ತುಗಾಜು, ಆಪ್ಟಿಕ್ ಪದವಿಗೆ ಅನರ್ಹ. ಸಿದ್ಧಾಂತಿಗಳು ಬಿಡುವರೇ? ಲೋಟವನ್ನು ಪಕ್ಕದಿಂದ ನೋಡಿ ಎನ್ನುತ್ತಾರೆ. ಬೆಳಕು ಬಾಗುವುದರಿಂದ ಟೀ ದಪ್ಪ ಗೋಡೆಯ ಅಂಚಿನವರೆಗೂ ತುಂಬಿದಂತೆ ತೋರುತ್ತದೆ. ಬುಡದ ಗಾಜೂ ಕೆಂಪಗಾಗಿ ತಾನೇ ಒಂದು ಗುಟುಕೆಂಬಂತೆ ನಟಿಸುತ್ತದೆ. ಕುಡಿದ ಮೇಲಷ್ಟೇ ಸತ್ಯದರ್ಶನ. ಕಣ್ಣಿಗೆ ಇಷ್ಟು ಮೋಸ ಮಾಡುವುದು ಆಪ್ಟಿಕ್ ಅಲ್ಲದಿದ್ದರೆ ಇನ್ನಾವುದು?

ನಿರ್ಣಯಕ್ಕಾಗಿ ಟೀ ಅಂಗಡಿಯವರೊಬ್ಬರ ಮೊರೆ ಹೋದೆವು. "ಅಣ್ಣಾ, ಈ ಗೆರೆ ಯಾಕೆ?"

"ಕೈ ಜಾರಲ್ಲ ಸಾ. ಆಮೇಲೆ ಗೆರೆ ಮುಗ್ಯೋ ಗಂಟ ಹುಯ್ದ್ರೆ ಅಳತೆ ಸರಿಹೋಯ್ತದೆ. ಬೈಟೂನಾ, ಒಂದೇನಾ?"

ಗೆರೆ ಅಲಂಕಾರವಲ್ಲ, ಅಳತೆ ಎಂಬ ಮೂರನೆಯ ಮತ ಹೀಗೆ ಹುಟ್ಟಿಕೊಂಡಿದ್ದರಿಂದ ಎರಡನೇ ಸಂಪುಟ ಅನಿವಾರ್ಯ. ಅದರ ಕ್ಷೇತ್ರಕಾರ್ಯ ಸಂಜೆ ನಾಲ್ಕರ ಮೇಲೆ. ಅನುದಾನ ಬರುವತನಕ ಬೈಟೂ.